ಸಹಿ ಹಾಕೋ ವಯಸ್ಸು

ಹೋದ ವರ್ಷ ಆಗಸ್ಟ್‌ನ ಒಂದು ಭಾನುವಾರ. ಬೆಳಿಗ್ಗೆ ಎಂಟಕ್ಕೇ ದಾವಣಗೆರೆಯಿಂದ ಅಕ್ಕನ ಫೋನು. "ನಿನ್ನ ಅಳಿಯ ಏನೋ ಎಡವಟ್ಟು ಮಾಡ್ಕೊಂಡಿದಾನೆ ಕಣೋ. ಸ್ವಲ್ಪ ಹೋಗಿ ನೋಡ್ತೀಯಾ?"

ಅಳಿಯ ಅಂದ್ರೆ ಅವಳ ಮಗ. ಇಂಜಿನಿಯರಿಂಗ್ ಓದೋಕೆ ಅಂತ ಬೆಂಗಳೂರಿಗೆ ಬಂದು ಐದು ವಾರ ಆಗಿತ್ತಷ್ಟೆ. ಕಾಲೇಜಿನ ಹತ್ತಿರದ ಒಂದು ಪಿಜಿಯಲ್ಲಿದ್ದ. ತಿಂಗಳಿಗೆ 9 ಸಾವಿರ ಬಾಡಿಗೆ, 18 ಸಾವಿರ ಅಡ್ವಾನ್ಸ್. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಬೆಳಗಿನ ಚಿತ್ರಾನ್ನದ ಜೊತೆ ನೀರು ಸಾಂಬಾರು. ನಾಲ್ಕನೇ ವಾರಕ್ಕೆ ಹುಡುಗನಿಗೆ ಸಾಕಾಯ್ತು. ಖಾಲಿ ಮಾಡ್ತೀನಿ ಅಂತ ಹೇಳೋಕೆ ಹೋದರೆ ಓನರ್ ಒಂದು ಫಾರಂ ತೆಗೆದು ತೋರಿಸಿದರಂತೆ. ಅದರಲ್ಲಿ ಆರು ತಿಂಗಳ ಲಾಕ್-ಇನ್. ನಡುವೆ ಬಿಟ್ಟು ಹೋದರೆ ಅಡ್ವಾನ್ಸ್ ವಾಪಸ್ ಇಲ್ಲ, ಉಳಿದ ತಿಂಗಳುಗಳ ಬಾಡಿಗೆಯನ್ನೂ ಕಟ್ಟಬೇಕು. ಕೆಳಗೆ ನಮ್ಮ ಹುಡುಗನ ಸಹಿ, ದೊಡ್ಡದಾಗಿ, ಎರಡು ಗೆರೆ ಎಳೆದು.

ನಾನು ಲಾಯರ್ ಅಲ್ಲ. ಆದರೆ ಕಂಪನಿಯಲ್ಲಿ ನನ್ನ ಕೆಲಸವೇ ಕಾಂಟ್ರಾಕ್ಟ್ ಪೇಪರ್‌ಗಳನ್ನ ಓದೋದು. ಹಾಗಾಗಿ ಫೋನಲ್ಲೇ ಕೇಳಿದ ಮೊದಲ ಪ್ರಶ್ನೆ: "ಅವನಿಗೆ ಎಷ್ಟು ವರ್ಷ ಈಗ?"

"ಹದಿನೇಳು ತುಂಬಿ ಹತ್ತು ತಿಂಗಳು."

"ಹಾಗಾದ್ರೆ ಆ ಕಾಗದಕ್ಕೆ ಬೆಲೆ ಇಲ್ಲ ಬಿಡು" ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆತ್ತಗೆ ಹೇಳಿದಳು: "ಆದ್ರೆ ಫಾರಂನಲ್ಲಿ 'ನನಗೆ 18 ವರ್ಷ ತುಂಬಿದೆ' ಅಂತ ಟಿಕ್ ಹಾಕಿದಾನಂತೆ."

ಆಗ ನನಗೆ ನೆನಪಾದವನು ಕಲ್ಕತ್ತದ ಧರ್ಮದಾಸ ಘೋಷ್. 1895ರಲ್ಲಿ ಅವನೂ ಹೆಚ್ಚುಕಮ್ಮಿ ಇದೇ ಕೆಲಸ ಮಾಡಿದ್ದ. ಅವನಿಗೂ ಮೇಜರ್ ಆಗೋಕೆ ಇನ್ನೆರಡು ತಿಂಗಳು ಬಾಕಿ ಇತ್ತು. ಇವತ್ತು ನಮ್ಮ ದೇಶದಲ್ಲಿ 18 ತುಂಬದ ಯಾರೇ ಆಗಲಿ ಯಾವುದೇ ಕರಾರಿಗೆ ಸಹಿ ಹಾಕಿದರೂ ಅದರ ಹಿಂದೆ ಧರ್ಮದಾಸನ ನೆರಳು ಇದ್ದೇ ಇರುತ್ತೆ. ಅವನ ಕಥೆಗೆ ಬರುವ ಮುಂಚೆ, ಈ 18 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡೋಣ. ಯಾಕಂದ್ರೆ ಅದು ಆಕಾಶದಿಂದ ಬಿದ್ದದ್ದಲ್ಲ.

*

ಮನುಷ್ಯ ಯಾವಾಗ ದೊಡ್ಡವನಾಗ್ತಾನೆ ಅನ್ನೋದಕ್ಕೆ ನಮ್ಮ ಹಳೇ ಧರ್ಮಶಾಸ್ತ್ರಗಳಲ್ಲಿ ಸಿಗೋ ಉತ್ತರ ಹದಿನಾರು. ನಾರದಸ್ಮೃತಿಯ ಪ್ರಕಾರ ಎಂಟು ವರ್ಷದ ತನಕ ಮಗು ಗರ್ಭದಲ್ಲಿರೋ ಶಿಶುವಿಗೆ ಸಮ. ಹದಿನಾರರ ತನಕ ಬಾಲಕ. ಆಮೇಲೆ ವ್ಯವಹಾರ ಬಲ್ಲವನು. ಆದರೆ ಒಂದು ಷರತ್ತಿದೆ: ಅಪ್ಪ ಅಮ್ಮ ಬದುಕಿರೋ ತನಕ, ಎಷ್ಟೇ ವಯಸ್ಸಾದರೂ, ಅವನು ಸ್ವತಂತ್ರನಲ್ಲ! ಮೂವತ್ತು ದಾಟಿದರೂ ಮನೆಗೆ ಹೋದಾಗ "ಅದೆಲ್ಲ ನಿಂಗೊತ್ತಾಗಲ್ಲ ಸುಮ್ನಿರು" ಅಂತ ಅನ್ನಿಸಿಕೊಳ್ಳೋ ನಮಗೆಲ್ಲ ಈ ಷರತ್ತು ಹೊಸದೇನಲ್ಲ. ಹದಿನಾರು ಅಂದ್ರೆ ಹದಿನಾರು ಶುರುವಾದಾಗಲೋ, ಮುಗಿದಾಗಲೋ ಅನ್ನೋದರಲ್ಲೂ ಪಂಡಿತರಲ್ಲಿ ಜಗಳ ಇತ್ತು. ಬಂಗಾಳದವರದು ಒಂದು ಲೆಕ್ಕ, ಉಳಿದವರದು ಇನ್ನೊಂದು. ಮುಸ್ಲಿಂ ಕಾನೂನಿನಲ್ಲಿ ಮೈನೆರೆದಾಗ ಪ್ರಾಪ್ತ ವಯಸ್ಸು; ಬೇರೆ ಪುರಾವೆ ಇಲ್ಲದಿದ್ದರೆ ಹದಿನೈದು ಅಂತ ಹಿಡಿಯೋ ರೂಢಿ.

ಇಂಗ್ಲೆಂಡಿನಲ್ಲಿ ಇಪ್ಪತ್ತೊಂದು. ಅದರ ಮೂಲವೂ ಮಜವಾಗಿದೆ. ಮಧ್ಯಯುಗದ ಇಂಗ್ಲಿಷ್ ಕಾನೂನಿನಲ್ಲಿ ಎಲ್ಲರಿಗೂ ಒಂದೇ ವಯಸ್ಸು ಅಂತ ಇರಲಿಲ್ಲ. ಕುದುರೆ ಹತ್ತಿ ಯುದ್ಧಕ್ಕೆ ಹೋಗಬೇಕಾದ ನೈಟ್‌ನ ಮಗನಿಗೆ 21, ಯಾಕಂದ್ರೆ ಆ ಕೆಲಸಕ್ಕೆ ಮೈಯಲ್ಲಿ ಅಷ್ಟು ಕಸುವು ಬೇಕು. ಉಳುವ ರೈತನ ಮಗನಿಗೆ 15. ಪೇಟೆಯ ವ್ಯಾಪಾರಿಯ ಮಗನಿಗೆ ವಯಸ್ಸೇ ಇಲ್ಲ: ದುಡ್ಡು ಎಣಿಸೋಕೆ, ಬಟ್ಟೆ ಅಳೆಯೋಕೆ ಬಂದರೆ ಅವನು ದೊಡ್ಡವನು. ನನಗೆ ಈ ಮೂರನೆಯದೇ ಬಹಳ ಸರಿ ಅನ್ನಿಸುತ್ತೆ. ಆದರೆ ಕಾಲ ಕಳೆದ ಹಾಗೆ ನೈಟ್‌ನ ಅಳತೆಯೇ ಎಲ್ಲರ ಅಳತೆ ಆಯ್ತು. ಕುದುರೆ ಹೋಯ್ತು, ಕತ್ತಿ ಹೋಯ್ತು, 21 ಉಳೀತು.

ಈಸ್ಟ್ ಇಂಡಿಯಾ ಕಂಪನಿ ಬಂದಾಗ ಇಷ್ಟೂ ಲೆಕ್ಕಗಳು ಒಂದೇ ದೇಶದಲ್ಲಿ ಸೇರಿಕೊಂಡವು. ಕಂಪನಿಗೆ ಬೇಕಿದ್ದದ್ದು ಕಂದಾಯ. ಅಪ್ಪ ಸತ್ತು ಜಮೀನ್ದಾರಿ ಹದಿನಾರರ ಹುಡುಗನ ಕೈಗೆ ಬಂದರೆ, ಸುತ್ತಲಿನವರು ಸೇರಿ ಅವನಿಂದ ಸಾಲಕ್ಕೆ ಸಹಿ ಹಾಕಿಸಿಕೊಂಡು ಎಸ್ಟೇಟನ್ನೇ ನುಂಗಿಬಿಡೋರು. ಆಮೇಲೆ ಕಂದಾಯ ಕಟ್ಟೋರು ಯಾರು? 1793ರಲ್ಲಿ ಬಂಗಾಳದಲ್ಲಿ ಇಂಥ ವಾರಸುದಾರರಿಗೆ ಮೊದಲು 15 ಮುಗಿಯೋ ತನಕ ಅಂತ ನಿಯಮ ಮಾಡಿದರು. ಅದೇ ವರ್ಷ ಇನ್ನೊಂದು ನಿಯಮ ತಂದು ಅದನ್ನ 18ಕ್ಕೆ ಏರಿಸಿದರು. ಅಂದರೆ ಈ 18 ನಮ್ಮ ಮೇಲಿನ ಪ್ರೀತಿಗೆ ಬಂದದ್ದಲ್ಲ, ವಸೂಲಿಗೆ ಬಂದದ್ದು. ಆದರೂ ಅದರಿಂದ ಎಷ್ಟೋ ಹುಡುಗರ ಆಸ್ತಿ ಉಳಿದಿದೆ, ಅದೂ ನಿಜ.

ಈ ಬದಲಾವಣೆಯನ್ನ ನಮ್ಮ ಮೈಸೂರಿನ ಅರಮನೆಯಲ್ಲೇ ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದೂ ತುಂಬದ ಮುಮ್ಮಡಿ ಕೃಷ್ಣರಾಜರನ್ನ ಸಿಂಹಾಸನದ ಮೇಲೆ ಕೂರಿಸಿದರು. ಆಡಳಿತ ದಿವಾನ್ ಪೂರ್ಣಯ್ಯನವರದ್ದು. 1810-11ರ ಹೊತ್ತಿಗೆ, ಹದಿನಾರು ತುಂಬಿದ ಮೇಲೆ, ಅಧಿಕಾರ ಮಹಾರಾಜರ ಕೈಗೆ ಬಂತು. ಹಳೇ ಶಾಸ್ತ್ರದ ಲೆಕ್ಕ. 1831ರಲ್ಲಿ ಆಡಳಿತ ಸರಿಯಿಲ್ಲ ಅನ್ನೋ ಕಾರಣ ಕೊಟ್ಟು ಬ್ರಿಟಿಷರು ರಾಜ್ಯವನ್ನ ತಾವೇ ತಗೊಂಡರು. ಐವತ್ತು ವರ್ಷ ಆದಮೇಲೆ, ದತ್ತು ಮಗ ಚಾಮರಾಜೇಂದ್ರ ಒಡೆಯರು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ವಾಪಸ್ ಕೊಟ್ಟರು. ಅವರು ಹುಟ್ಟಿದ್ದು 1863ರ ಫೆಬ್ರವರಿಯಲ್ಲಿ, ಅಧಿಕಾರ ಸಿಕ್ಕಿದ್ದು 1881ರ ಮಾರ್ಚ್ 25ಕ್ಕೆ. ಹದಿನೆಂಟು ತುಂಬಿ ಒಂದು ತಿಂಗಳಿಗೆ! ಅವರ ಮಗ ನಾಲ್ವಡಿಯವರದ್ದೂ ಹಾಗೇ. ಅಪ್ಪ ತೀರಿಕೊಂಡಾಗ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ರೀಜೆಂಟ್ ಆಗಿ ರಾಜ್ಯ ನೋಡಿಕೊಂಡರು. 1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಎರಡು ತಿಂಗಳಿಗೆ, ವೈಸ್‌ರಾಯ್ ಕರ್ಜನ್ ಮೈಸೂರಿಗೆ ಬಂದು ಅಧಿಕಾರ ಒಪ್ಪಿಸಿದರು. ಅಜ್ಜನಿಗೆ ಹದಿನಾರು ಸಾಕಾಗಿತ್ತು. ಮಗನಿಗೆ, ಮೊಮ್ಮಗನಿಗೆ ಹದಿನೆಂಟು ಬೇಕಾಯ್ತು. ನಡುವೆ ಬದಲಾದದ್ದು ಹುಡುಗರ ಬುದ್ಧಿ ಅಲ್ಲ, ಕಾನೂನಿನ ಪುಸ್ತಕ.

ಆ ಪುಸ್ತಕ ಅಂದ್ರೆ 1875ರ ಇಂಡಿಯನ್ ಮೆಜಾರಿಟಿ ಆಕ್ಟ್. ಬ್ರಿಟಿಷ್ ಇಂಡಿಯಾದಲ್ಲಿ ನೆಲೆಸಿದ ಎಲ್ಲರಿಗೂ, ಧರ್ಮ ಯಾವುದೇ ಇರಲಿ, 18. ಎರಡು ವಿನಾಯಿತಿ ಇಟ್ಟರು. ಒಂದು, ಮದುವೆ, ಮಹರ್, ವಿಚ್ಛೇದನ, ದತ್ತು, ಧರ್ಮ ಇವಕ್ಕೆ ಈ ಕಾನೂನು ಕೈ ಹಾಕೋದಿಲ್ಲ. ಎರಡು, ಕೋರ್ಟು ಯಾರಿಗಾದರೂ ಗಾರ್ಡಿಯನ್ ನೇಮಿಸಿದ್ದರೆ, ಅಥವಾ ಆಸ್ತಿ ಕೋರ್ಟ್ ಆಫ್ ವಾರ್ಡ್ಸ್ ಕೈಯಲ್ಲಿದ್ದರೆ, ಅಂಥವರಿಗೆ 18 ಅಲ್ಲ, 21. ನಮ್ಮ ಧರ್ಮದಾಸ ಸಿಕ್ಕಿಕೊಂಡದ್ದು, ಅಥವಾ ಪಾರಾದದ್ದು, ಈ ಎರಡನೇ ಸಂದಿಯಲ್ಲಿ.

*

ಧರ್ಮದಾಸ ಘೋಷ್ ಕಲ್ಕತ್ತದಲ್ಲಿ ಸ್ವಂತ ಮನೆಗಳಿದ್ದ ಹುಡುಗ. ಅವನ ತಾಯಿ ಜೋಗೇಂದ್ರನಂದಿನಿ ದಾಸಿಯನ್ನ ಹೈಕೋರ್ಟು ಅವನ ಗಾರ್ಡಿಯನ್ ಆಗಿ ನೇಮಿಸಿತ್ತು. 1895ರ ಜುಲೈ 20ರಂದು ಅವನು ತನ್ನ ಮನೆಗಳನ್ನ ಬ್ರಹ್ಮೋ ದತ್ತ ಅನ್ನೋ ಲೇವಾದೇವಿಗಾರನಿಗೆ ಅಡ ಇಟ್ಟು 20,000 ರೂಪಾಯಿಗೆ ಕಾಗದ ಬರೆದುಕೊಟ್ಟ. ಬಡ್ಡಿ ನೂರಕ್ಕೆ 12. ಕೈಗೆ ನಿಜವಾಗಿ ಎಷ್ಟು ಬಂತು ಅನ್ನೋದು ಕೊನೇವರೆಗೂ ವಿವಾದ. ಇವತ್ತಿನ ಸಾಲದ ಆ್ಯಪ್‌ಗಳಲ್ಲಿ 'ಪ್ರೊಸೆಸಿಂಗ್ ಫೀ' ಕಳೆದು ಕೈಗೆ ಬರೋ ಮೊತ್ತ ನೋಡಿದವರಿಗೆ ಇದು ಅರ್ಥ ಆಗುತ್ತೆ.

ಬ್ರಹ್ಮೋ ದತ್ತ ಆಗ ಊರಲ್ಲಿರಲಿಲ್ಲ. ವ್ಯವಹಾರ ಪೂರ್ತಿ ನಡೆಸಿದ್ದು ಅವನ ಅಟಾರ್ನಿ ಕೇದಾರನಾಥ ಮಿತ್ರ. ಈಗ ಮುಖ್ಯ ವಿಷಯ. ಸಹಿ ಬೀಳೋಕೆ ಐದು ದಿನ ಮುಂಚೆ, ಜುಲೈ 15ಕ್ಕೆ, ಧರ್ಮದಾಸನ ತಾಯಿಯ ಕಡೆಯ ಅಟಾರ್ನಿಯೊಬ್ಬರು ಕೇದಾರನಾಥನಿಗೆ ಒಂದು ಪತ್ರ ಕಳಿಸಿದ್ದರು. ಹುಡುಗನಿಗೆ ಇನ್ನೂ 21 ತುಂಬಿಲ್ಲ, ಅವನಿಗೆ ಸಾಲ ಕೊಡೋರು ಕೊಡೋದಾದರೆ ಅದರ ಹೊಣೆ ಅವರದ್ದೇ ಅನ್ನೋದು ಅದರ ಸಾರ. ಕೇದಾರನಾಥ ಪತ್ರ ನೋಡಿ ಏನು ಮಾಡಿದ? ವ್ಯವಹಾರ ನಿಲ್ಲಿಸಲಿಲ್ಲ. ಒಂದು ಉದ್ದನೆಯ ಹೇಳಿಕೆಯನ್ನ ತಾನೇ ತಯಾರು ಮಾಡಿ ಹುಡುಗನ ಸಹಿ ಹಾಕಿಸಿಕೊಂಡ. ಜೂನ್ 17ಕ್ಕೇ ನಾನು ಪ್ರಾಪ್ತ ವಯಸ್ಕನಾಗಿದ್ದೇನೆ, ಈ ಮಾತು ನಂಬಿ ಇವರು ನನಗೆ ಸಾಲ ಕೊಡ್ತಿದ್ದಾರೆ ಅಂತ ಅದರಲ್ಲಿ ಬರೆದಿತ್ತು. ನಿಜದಲ್ಲಿ ಅವನಿಗೆ 21 ತುಂಬಿದ್ದು ಆ ಸೆಪ್ಟೆಂಬರ್‌ನಲ್ಲಿ.

ಸೆಪ್ಟೆಂಬರ್ 10ಕ್ಕೆ ತಾಯಿ ಮಗನ ಪರವಾಗಿ ಕೇಸು ಹಾಕಿದಳು: ಸಹಿ ಹಾಕುವಾಗ ಇವನು ಮೈನರ್, ಅಡಮಾನ ರದ್ದು ಮಾಡಿ. ಕಲ್ಕತ್ತ ಹೈಕೋರ್ಟು ಒಪ್ಪಿತು. ಮೇಲ್ಮನವಿಯಲ್ಲೂ ಅದೇ ತೀರ್ಪು. ಅಷ್ಟರಲ್ಲಿ ಬ್ರಹ್ಮೋ ದತ್ತ ತೀರಿಕೊಂಡಿದ್ದ. ಅವನ ಕಡೆಯಿಂದ ಕೇಸು ಮುಂದುವರಿಸಿದವರ ಹೆಸರಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯ್ತು. ಅದಕ್ಕೇ ಕಾನೂನು ಓದೋ ಪ್ರತಿಯೊಬ್ಬರೂ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡೋ ಆ ಹೆಸರು: ಮೋಹರಿ ಬೀಬಿ ವಿರುದ್ಧ ಧರ್ಮದಾಸ ಘೋಷ್. ತೀರ್ಪು ಬಂದದ್ದು 1903ರಲ್ಲಿ.

ಪ್ರಿವಿ ಕೌನ್ಸಿಲ್ ಮೂರು ಮಾತು ಹೇಳಿತು. ಮೊದಲನೆಯದು: 1872ರ ಕರಾರು ಕಾಯ್ದೆ ಪ್ರಕಾರ ಕರಾರು ಮಾಡೋ ಯೋಗ್ಯತೆ ಇರೋದು ಪ್ರಾಪ್ತ ವಯಸ್ಕರಿಗೆ ಮಾತ್ರ. ಹಾಗಾಗಿ ಮೈನರ್ ಮಾಡಿದ ಕರಾರು ಬೇಕಾದರೆ ಮುರಿಯಬಹುದಾದ ಕರಾರಲ್ಲ. ಅದು ಹುಟ್ಟೇ ಇಲ್ಲ. ಪೂರ್ತಿ ಅನೂರ್ಜಿತ. ಎರಡನೆಯದು: ಸುಳ್ಳು ವಯಸ್ಸು ಹೇಳಿ ನಮಗೆ ಮೋಸ ಮಾಡಿದ ಅಂತ ಇವರು ಹೇಳೋ ಹಾಗಿಲ್ಲ, ಯಾಕಂದ್ರೆ ಸತ್ಯ ಇವರಿಗೆ ಗೊತ್ತಿತ್ತು. ಅಟಾರ್ನಿಗೆ ಗೊತ್ತಿದ್ದದ್ದು ಸಾಲ ಕೊಟ್ಟವನಿಗೂ ಗೊತ್ತಿದ್ದ ಹಾಗೇ. ಸತ್ಯ ಗೊತ್ತಿದ್ದವನು ಸುಳ್ಳು ನಂಬಿದೆ ಅನ್ನೋಕಾಗಲ್ಲ. ಮೂರನೆಯದು: ಮೈನರ್ ಅಂತ ಗೊತ್ತಿದ್ದೂ ಕೊಟ್ಟ ದುಡ್ಡನ್ನ ವಾಪಸ್ ಕೊಡಿಸೋದಿಲ್ಲ.

ಇಲ್ಲಿ ಒಂದು ವಿಚಿತ್ರ ಗಮನಿಸಿ. 1902ರ ಆಗಸ್ಟ್‌ನಲ್ಲಿ ಹದಿನೆಂಟರ ಹುಡುಗನೊಬ್ಬನಿಗೆ ಇಡೀ ಮೈಸೂರು ರಾಜ್ಯ ಒಪ್ಪಿಸಿದರು. ಮರುವರ್ಷ ಅದೇ ಸಾಮ್ರಾಜ್ಯದ ಅತಿ ದೊಡ್ಡ ಕೋರ್ಟು, 21ಕ್ಕೆ ಎರಡು ತಿಂಗಳು ಕಮ್ಮಿ ಇದ್ದವನಿಗೆ ಸ್ವಂತ ಮನೆ ಅಡ ಇಡೋ ಬುದ್ಧಿ ಇರಲಿಲ್ಲ ಅಂತ ತೀರ್ಮಾನ ಮಾಡಿತು. ತಾಯಿಯನ್ನ ಕೋರ್ಟು ಗಾರ್ಡಿಯನ್ ಅಂತ ನೇಮಿಸದೇ ಇದ್ದಿದ್ದರೆ ಧರ್ಮದಾಸ ಮೂರು ವರ್ಷ ಹಿಂದೆಯೇ ಮೇಜರ್. ಆಗ ಮನೆ ಹೋಗ್ತಿತ್ತು, ಕೇಸೂ ಇರ್ತಿರಲಿಲ್ಲ. ಹುಡುಗ ಅದೇ, ಬುದ್ಧಿ ಅದೇ, ಸಹಿ ಅದೇ. ಕೋರ್ಟಿನ ಒಂದು ಆದೇಶದಿಂದ ಅವನು ದೊಡ್ಡವನಾಗೋದು ಮೂರು ವರ್ಷ ಮುಂದಕ್ಕೆ ಹೋಗಿತ್ತು. ಈ 21ರ ವಿನಾಯಿತಿಯನ್ನ ನಾವು ತೆಗೆದು ಹಾಕಿದ್ದು 1999ರಲ್ಲಿ. ಇಂಗ್ಲೆಂಡಿನವರೇ 1970ರಲ್ಲಿ 21 ಬಿಟ್ಟು 18ಕ್ಕೆ ಇಳಿದು ಆಗಲೇ ಮೂವತ್ತು ವರ್ಷ ಆಗುತ್ತಾ ಬಂದಿತ್ತು.

ಹಾಗಾದ್ರೆ ಸುಳ್ಳು ಹೇಳಿದ ಹುಡುಗ ಯಾವಾಗಲೂ ಪಾರಾ? ಈ ಪ್ರಶ್ನೆ ನಮ್ಮ ಕೋರ್ಟುಗಳನ್ನೂ ಕಾಡಿದೆ. 1928ರಲ್ಲಿ ಲಾಹೋರ್ ಹೈಕೋರ್ಟಿನ ಮುಂದೆ ಒಂದು ಕೇಸು ಬಂತು. ಮೈನರ್ ಒಬ್ಬ ವಯಸ್ಸು ಮುಚ್ಚಿಟ್ಟು ಜಮೀನು ಮಾರ್ತೀನಿ ಅಂತ 17,500 ರೂಪಾಯಿ ತಗೊಂಡು, ಆಮೇಲೆ ಜಮೀನೂ ಬಿಟ್ಟುಕೊಡಲಿಲ್ಲ. ಕರಾರು ಅನೂರ್ಜಿತವೇ, ಆದರೆ ಮೋಸದಿಂದ ತಗೊಂಡ ದುಡ್ಡನ್ನ ಇಟ್ಟುಕೊಳ್ಳೋದು ನ್ಯಾಯ ಅಲ್ಲ ಅಂತ ಲಾಹೋರ್ ಹೇಳಿತು. 1937ರಲ್ಲಿ ಅಲಹಾಬಾದ್ ಹೈಕೋರ್ಟು ಇದನ್ನ ಒಪ್ಪಲಿಲ್ಲ. ಕೊನೆಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ನಡುವಿನ ದಾರಿ ಹಿಡೀತು: ಮೈನರ್‌ಗೆ ಆ ವ್ಯವಹಾರದಿಂದ ಲಾಭ ಆಗಿದ್ದರೆ, ಆದಷ್ಟರ ಮಟ್ಟಿಗೆ ಅದನ್ನ ವಾಪಸ್ ಕೊಡಿಸೋ ಅಧಿಕಾರ ಕೋರ್ಟಿಗಿದೆ. ಅಷ್ಟೇ ಅಲ್ಲ, 1872ರ ಕಾಯ್ದೆಯಲ್ಲೇ ಇನ್ನೊಂದು ಮಾತಿದೆ. ಊಟ, ಬಟ್ಟೆ, ವಸತಿಯಂಥ ಅಗತ್ಯಗಳನ್ನ ಮೈನರ್‌ಗೆ ಒದಗಿಸಿದವರಿಗೆ ಅವನ ಆಸ್ತಿಯಿಂದ ಹಣ ಪಡೆಯೋ ಹಕ್ಕಿದೆ. ಗಮನಿಸಿ, ಆಸ್ತಿಯಿಂದ, ಅವನ ಮೇಲೆ ವೈಯಕ್ತಿಕ ಸಾಲ ಅಂತ ಅಲ್ಲ.

*

ಇದು ಸಹಿಯ ಕಥೆ. ಉಳಿದ ವಿಷಯಗಳಿಗೆ ಉಳಿದ ವಯಸ್ಸುಗಳು.

ಮದುವೆಯದ್ದು ಬಹಳ ನೋವಿನ ಇತಿಹಾಸ. 1891ರಲ್ಲಿ ಸಮ್ಮತಿಯ ವಯಸ್ಸನ್ನ 10ರಿಂದ 12ಕ್ಕೆ ಏರಿಸೋಕೇ ದೇಶದಲ್ಲಿ ದೊಡ್ಡ ಗಲಾಟೆ ನಡೀತು. ಗಂಡನ ಬಲಾತ್ಕಾರಕ್ಕೆ ಸತ್ತ ಫುಲ್ಮಣಿ ದಾಸಿ ಅನ್ನೋ ಬಂಗಾಳದ ಪುಟ್ಟ ಹುಡುಗಿಯ ಸಾವು ಆ ಕಾನೂನಿನ ಹಿಂದಿತ್ತು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನ ಮದುವೆ ಆಗೋದನ್ನೂ ನಿಷೇಧಿಸಿತು. ಎಂಟು ಅನ್ನೋದನ್ನ ಈಗ ಕೇಳಿದರೆ ಮೈ ಝುಂ ಅನ್ನುತ್ತೆ. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಮದುವೆಗೆ ಕನಿಷ್ಠ ವಯಸ್ಸು ಇಟ್ಟ ಶಾರದಾ ಕಾಯ್ದೆ ಬಂದದ್ದು ಅದಾಗಿ 35 ವರ್ಷಕ್ಕೆ, 1929ರಲ್ಲಿ: ಹುಡುಗಿಗೆ 14, ಹುಡುಗನಿಗೆ 18. ಈಗಿನ 18 ಮತ್ತು 21 ಬಂದದ್ದು 1978ರಲ್ಲಿ.

ಅಂದರೆ ಇವತ್ತು ಹತ್ತೊಂಬತ್ತರ ಹುಡುಗ ಸಾಲ ತಗೊಳ್ಳಬಹುದು, ಕಂಪನಿ ಶುರು ಮಾಡಬಹುದು, ಜೈಲಿಗೂ ಹೋಗಬಹುದು. ಮದುವೆ ಮಾತ್ರ ಆಗೋ ಹಾಗಿಲ್ಲ.

ವೋಟಿನದ್ದು ಇತ್ತೀಚಿನ ಕಥೆ. ನಮ್ಮ ಸಂವಿಧಾನದಲ್ಲಿ ಮೊದಲು ಇದ್ದದ್ದು 21. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಸಾಯೋ ವಯಸ್ಸಾದ್ರೆ ವೋಟು ಹಾಕೋ ವಯಸ್ಸೂ ಆಗಿದೆ ಅಂತ ಅಮೆರಿಕದವರು 1971ರಲ್ಲಿ 18ಕ್ಕೆ ಇಳಿಸಿದರು. ನಮ್ಮಲ್ಲಿ ರಾಜೀವ್ ಗಾಂಧಿ ಸರ್ಕಾರ 61ನೇ ತಿದ್ದುಪಡಿ ತಂದಿತು. 1989ರ ಮಾರ್ಚ್ 28ರಿಂದ ಅದು ಜಾರಿಗೆ ಬಂತು. ಅದೇ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ. ವೋಟು ಕೊಟ್ಟವರ ಪಕ್ಷ ದೆಹಲಿಯಲ್ಲಿ ಬಹುಮತ ಕಳಕೊಂಡಿತು, ಬೆಂಗಳೂರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಭರ್ಜರಿಯಾಗಿ ಗೆದ್ದಿತು. ಹಕ್ಕು ಕೊಟ್ಟ ಉಪಕಾರಕ್ಕೆ ವೋಟು ಬೀಳುತ್ತೆ ಅನ್ನೋ ನಿಯಮ ಏನಿಲ್ಲ. ಮತ್ತೆ, ವೋಟು ಹಾಕೋಕೆ 18 ಸಾಕು. ಶಾಸಕನೋ ಸಂಸದನೋ ಆಗಿ ನಿಲ್ಲೋಕೆ ಇನ್ನೂ 25 ಆಗಬೇಕು.

ಹಕ್ಕಿನ ಮಗ್ಗುಲಲ್ಲೇ ಹೊಣೆ. ಅಪರಾಧಕ್ಕೆ ಬೇರೆಯದೇ ಏಣಿ ಇದೆ. ಏಳು ವರ್ಷದ ಒಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ತನಕ, ಮಾಡಿದ್ದರ ಅರ್ಥ ತಿಳಿಯುವಷ್ಟು ಬುದ್ಧಿ ಬಲಿತಿತ್ತಾ ಅಂತ ನೋಡಬೇಕು. 1860ರ ದಂಡಸಂಹಿತೆಯ ಈ ಮಾತು ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಉಳಿದಿದೆ. ಅದರ ಮೇಲೆ ಬಾಲನ್ಯಾಯ ಕಾಯ್ದೆ: 1986ರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು. 2000ದಲ್ಲಿ ಎಲ್ಲರಿಗೂ 18 ಆಯ್ತು. 2012ರ ಡಿಸೆಂಬರ್‌ನ ದೆಹಲಿ ಪ್ರಕರಣದಲ್ಲಿ ಒಬ್ಬ ಆರೋಪಿಗೆ 18ಕ್ಕೆ ಕೆಲವು ತಿಂಗಳು ಕಮ್ಮಿ ಇತ್ತು. ಅವನಿಗೆ ಸಿಕ್ಕಿದ್ದು ಮೂರು ವರ್ಷ ವಿಶೇಷ ಗೃಹ. ದೇಶ ಕುದಿಯಿತು. 2015ರ ಹೊಸ ಕಾಯ್ದೆಯಲ್ಲಿ, ಘೋರ ಅಪರಾಧ ಆದರೆ 16ರಿಂದ 18ರವರನ್ನ ವಯಸ್ಕರಂತೆ ವಿಚಾರಣೆ ಮಾಡಬಹುದಾ ಅಂತ ಬಾಲನ್ಯಾಯ ಮಂಡಳಿ ಮೊದಲು ಪರಿಶೀಲಿಸಬೇಕು ಅಂತಾಯ್ತು. ಕೆಲವೇ ತಿಂಗಳ ವ್ಯತ್ಯಾಸ ಧರ್ಮದಾಸನ ಮನೆ ಉಳಿಸಿತ್ತು. ಇಲ್ಲಿ ಅದೇ ವ್ಯತ್ಯಾಸ ಜನರ ಕಣ್ಣಿಗೆ ಅನ್ಯಾಯ ಅನ್ನಿಸಿತು. ಗೆರೆ ಒಂದೇ, ಆದರೆ ಅದರ ಆಚೀಚೆ ಯಾರು ನಿಂತಿದ್ದಾರೆ ಅನ್ನೋದರ ಮೇಲೆ ನಮ್ಮ ಮನಸ್ಸು ಬದಲಾಗುತ್ತೆ.

ಹದಿಹರೆಯದ ಪ್ರೀತಿಯ ವಿಷಯ ಇನ್ನೂ ಕಷ್ಟ. 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮಕ್ಕಳ ಮೇಲಿನ ದೌರ್ಜನ್ಯ ತಡೆಯೋಕೆ ಅದು ಬೇಕೇ ಬೇಕು. ಆದರೆ ಹದಿನೇಳರ ಇಬ್ಬರು ಪರಸ್ಪರ ಇಷ್ಟಪಟ್ಟು ಹತ್ತಿರ ಆದರೂ ಕಾನೂನಿನ ಕಣ್ಣಲ್ಲಿ ಆ ಇಷ್ಟಕ್ಕೆ ಬೆಲೆ ಇಲ್ಲ. ಹುಡುಗಿಯ ಮನೆಯವರ ಒಂದು ದೂರು ಸಾಕು, ಹುಡುಗನ ಬದುಕು ಮುಗೀತು. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಸಮ್ಮತಿಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚನೆ ಮಾಡಬೇಕು ಅಂತ ಹೇಳಿತು. 2023ರಲ್ಲಿ ಆಯೋಗ ಕೊಟ್ಟ ಉತ್ತರ: 18 ಇಳಿಸೋದು ಬೇಡ, ಆದರೆ 16ರಿಂದ 18ರ ನಡುವಿನ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ.

ಇನ್ನು ಗಾಡಿ. 16ಕ್ಕೆ 50 ಸಿಸಿ, ಉಳಿದದ್ದಕ್ಕೆ 18. 2019ರ ತಿದ್ದುಪಡಿ ಆದಮೇಲೆ ಮೈನರ್ ಗಾಡಿ ಓಡಿಸಿ ಅಪರಾಧ ಮಾಡಿದರೆ ಸಿಕ್ಕಿಬೀಳೋದು ಅಪ್ಪ ಅಮ್ಮ ಅಥವಾ ಗಾಡಿಯ ಮಾಲೀಕರು: ಮೂರು ವರ್ಷದ ತನಕ ಜೈಲು, 25,000 ದಂಡ. ಹುಡುಗನಿಗೆ 25 ತುಂಬೋ ತನಕ ಲೈಸೆನ್ಸ್ ಇಲ್ಲ. ತಮ್ಮನಿಗೋ ಅಳಿಯನಿಗೋ ಬೈಕಿನ ಕೀ ಕೊಡೋ ನಮ್ಮಂಥವರೂ ಈ ಲೆಕ್ಕದಲ್ಲಿ ಬರ್ತೀವಿ. ಮೊಬೈಲಿನಲ್ಲಿ 'ಐ ಅಗ್ರೀ' ಒತ್ತೋದಕ್ಕೂ ಈಗ ಲೆಕ್ಕ ಬಂದಿದೆ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಪ್ರಕಾರ 18ರ ಒಳಗಿನವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು. ನಾರದಸ್ಮೃತಿಯ ಅಪ್ಪ ಅಮ್ಮ ಮತ್ತೆ ಹಾಜರ್!

*

ಅವತ್ತು ಮಧ್ಯಾಹ್ನ ಅಳಿಯನ ಜೊತೆ ಪಿಜಿಗೆ ಹೋದೆ. ಓನರ್ ಕೆಟ್ಟ ಮನುಷ್ಯರೇನಲ್ಲ. ಕೂರಿಸಿ ಕಾಫಿ ಕೊಟ್ಟರು. "ನೋಡಿ ಸಾರ್, ಸಹಿ ನಾವು ಬಲವಂತವಾಗಿ ಹಾಕಿಸಿಲ್ಲ. 18 ಆಗಿದೆ ಅಂತ ಅವನೇ ಟಿಕ್ ಮಾಡಿದಾನೆ" ಅಂದರು. ಫಾರಂ ತೋರಿಸಿದರು. ಆ ವಾಕ್ಯ ಮೊದಲೇ ಪ್ರಿಂಟ್ ಆಗಿತ್ತು, ಕೇದಾರನಾಥ ಬರೆದಿಟ್ಟ ಹೇಳಿಕೆ ಥರಾನೇ. ಫಾರಂ ಹಿಂದೆ ಪಿನ್ ಮಾಡಿದ ಆಧಾರ್ ಜೆರಾಕ್ಸ್ ಇತ್ತು. ಅದರಲ್ಲಿ ಹುಟ್ಟಿದ ತಾರೀಕು ಸ್ಪಷ್ಟವಾಗಿತ್ತು.

ನಾನು ಏನೂ ವಾದ ಮಾಡಲಿಲ್ಲ. ಜೆರಾಕ್ಸ್ ಮೇಲಿದ್ದ ತಾರೀಕಿನ ಮೇಲೆ ಬೆರಳಿಟ್ಟೆ. "ಇದು ನಿಮ್ಮ ಫೈಲಿನಲ್ಲೇ ಇದೆಯಲ್ಲ ಸಾರ್. ಸತ್ಯ ನಿಮ್ಮ ಹತ್ರಾನೇ ಇತ್ತು" ಅಂದೆ. ಅವರು ಲೆಕ್ಕ ಹಾಕಿದರು, ಬೆರಳು ಮಡಚಿ. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ಇದ್ದ ದಿನಗಳ ಬಾಡಿಗೆ?" ಅಂದರು. ಅದು ನ್ಯಾಯವಾದ ಪ್ರಶ್ನೆ. ಹುಡುಗ ಅಲ್ಲಿ ಮಲಗಿದ್ದಾನೆ, ಚಿತ್ರಾನ್ನವೇ ಆಗಲಿ ತಿಂದಿದ್ದಾನೆ. ಮೊದಲ ತಿಂಗಳ ಬಾಡಿಗೆ ಆಗಲೇ ಕೊಟ್ಟಾಗಿತ್ತು. ಎರಡನೇ ತಿಂಗಳಲ್ಲಿ ಕಳೆದ ದಿನಗಳಿಗೆ ಅಂತ 3 ಸಾವಿರ ಹಿಡಿದು, ಅಡ್ವಾನ್ಸ್‌ನಲ್ಲಿ 15 ಸಾವಿರ ವಾಪಸ್ ಕೊಟ್ಟರು. ಮುಂದೆ ಹುಡುಗರ ಸಹಿ ಜೊತೆ ಅಪ್ಪ ಅಮ್ಮನ ಸಹಿಯನ್ನೂ ತಗೊಳ್ತೀನಿ ಅಂದರು. ಒಳ್ಳೇದೇ.

ರಾತ್ರಿ ಫೋನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ದುಡ್ಡು ಬಂತು ಅಂತ ಅವಳಿಗೆ ಸಮಾಧಾನ ಆಯ್ತು, ಖುಷಿ ಆಗಲಿಲ್ಲ. "ಅಲ್ಲ ಕಣೋ, ಸುಳ್ಳು ಬರೆದವನು ಅವನೇ ತಾನೇ? ಸುಳ್ಳು ಹೇಳಿದ್ದಕ್ಕೆ ದುಡ್ಡು ವಾಪಸ್ ಬಂದ ಹಾಗಾಯ್ತು. ಇದರಿಂದ ಅವನು ಏನು ಕಲೀತಾನೆ?" ಅಂದಳು.

ನೂರಿಪ್ಪತ್ತು ವರ್ಷದಿಂದ ಕೋರ್ಟುಗಳು ಗುದ್ದಾಡಿದ ಪ್ರಶ್ನೆಯನ್ನ ಅಕ್ಕ ಒಂದೇ ಸಾಲಲ್ಲಿ ಕೇಳಿದ್ದಳು. ನನ್ನ ಹತ್ತಿರ ಇದ್ದ ಉತ್ತರ ಇಷ್ಟೇ. ಕಾನೂನು ಆ ಸುಳ್ಳನ್ನ ಮೆಚ್ಚಲಿಲ್ಲ. ಅದು ಕೇಳಿದ್ದು ಬೇರೆ ಪ್ರಶ್ನೆ: ಇಬ್ಬರಲ್ಲಿ ಯಾರು ಎಚ್ಚರವಾಗಿರಬೇಕಿತ್ತು? ಹದಿನೇಳರ ಹುಡುಗನ ಎದುರು ಪ್ರಿಂಟ್ ಆದ ಫಾರಂ ಇಟ್ಟು ಕೂತಿರೋ ದೊಡ್ಡವರೇ ಎಚ್ಚರವಾಗಿರಬೇಕು ಅಂತ ಅದರ ತೀರ್ಮಾನ. 18 ಆದ ಮರುಕ್ಷಣದಿಂದ ಆ ಎಚ್ಚರ ಪೂರ್ತಿ ನಮ್ಮದು. ಹುಟ್ಟಿದ ಗಂಟೆಯನ್ನೂ ಅದು ನೋಡಲ್ಲ. ಹದಿನೆಂಟನೇ ಹುಟ್ಟುಹಬ್ಬದ ದಿನ ಶುರುವಾದಾಗಲೇ ನೀವು ಮೇಜರ್. ಅಲ್ಲಿಂದ ಗೆಳೆಯನ ಸಾಲಕ್ಕೆ ಜಾಮೀನು ನಿಂತರೂ, ಕಂಪನಿಯ ಬಾಂಡ್ ಪೇಪರ್ ಓದದೇ ಸಹಿ ಹಾಕಿದರೂ, "ನಂಗೊತ್ತಿರಲಿಲ್ಲ" ಅನ್ನೋ ಮಾತನ್ನ ಯಾರೂ ಕೇಳಲ್ಲ. ನಮ್ಮಲ್ಲಿ ಎಷ್ಟು ಜನ ಮೊದಲ ಕೆಲಸದ ಆಫರ್ ಲೆಟರ್‌ನ ಎಲ್ಲ ಪುಟ ಓದಿದ್ದೀವಿ? ನಾನಂತೂ ಓದಿರಲಿಲ್ಲ. ಪೇಪರ್ ಓದೋದೇ ಕೆಲಸ ಆಗಿರೋ ನಾನು!

ಅಳಿಯನಿಗೆ ಅಕ್ಟೋಬರ್‌ನಲ್ಲಿ ಹದಿನೆಂಟಾಯ್ತು. ನವೆಂಬರ್‌ನಲ್ಲಿ ಮೂರು ಜನ ಗೆಳೆಯರ ಜೊತೆ ಒಂದು ಮನೆ ಬಾಡಿಗೆಗೆ ಹಿಡಿದ. ಸಹಿ ಹಾಕೋ ಮುಂಚಿನ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ.

"ಮಾಮ, ಅಗ್ರಿಮೆಂಟಿನಲ್ಲಿ 'ಒಟ್ಟಾಗಿ ಮತ್ತು ಪ್ರತ್ಯೇಕವಾಗಿ ಹೊಣೆ' ಅಂತ ಬರೆದಿದೆ. ಅಂದ್ರೆ ಏನು?"

"ಅಂದ್ರೆ ಆ ಮೂರು ಜನ ಬಾಡಿಗೆ ಕಟ್ಟದೇ ಓಡಿಹೋದ್ರೆ, ಪೂರ್ತಿ ಬಾಡಿಗೆ ನೀನೊಬ್ಬನೇ ಕಟ್ಟಬೇಕು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಯಾರೋ ಗೆಳೆಯರು ನಗೋದು ಕೇಳಿಸ್ತಿತ್ತು.

"ಹಾಗಾದ್ರೆ ಮೊದಲು ಅವರನ್ನ ಸರಿಯಾಗಿ ವಿಚಾರಿಸ್ತೀನಿ" ಅಂದು ಫೋನ್ ಇಟ್ಟ.